ಅಂಚಿನಲ್ಲಿ ಅಮ್ಮ

ಮಾರ್ಚ್ 3, ಸಂಜೆ

ಇವತ್ತು ಒಂಬತ್ತು ಪುಸ್ತಕ ಬಿಚ್ಚಿದೆ. ಹೊಲಿಗೆ ಕತ್ತರಿಸಿ, ಹಾಳೆಗೆಲ್ಲ ಪೆನ್ಸಿಲ್ಲಿನಲ್ಲಿ ನಂಬರ್ ಹಾಕಿ, ಸ್ಕ್ಯಾನಿಂಗ್ ರೂಮಿಗೆ ಕಳಿಸಿದೆ. ಮೂವತ್ತು ವರ್ಷ ಬೈಂಡಿಂಗ್ ಮಾಡಿದ ಕೈಗೆ ಈಗ ಬಿಚ್ಚುವ ಕೆಲಸ. ಲೈಬ್ರರಿಯ ದೊಡ್ಡ ಸಾಹೇಬ ನನ್ನ ತಮ್ಮನೇ. "ಸ್ಕ್ಯಾನ್ ಆದ್ಮೇಲೆ ಎಲ್ಲಾ ನಿನ್ನ ಟೇಬಲ್ಲಿಗೇ ವಾಪಸ್ ಬರುತ್ತೆ ಅಕ್ಕಾ, ನೀನೇ ಹೊಲಿ" ಅಂದಿದ್ದಾನೆ. ದಾರ ತರಿಸಿ ಇಟ್ಟುಕೊಂಡಿದ್ದೇನೆ.

ಮಾರ್ಚ್ 11

ತಮ್ಮ ಮನೆಗೆ ಬಂದಿದ್ದ. ಅಪ್ಪನ ಮದ್ದಿನ ನೋಟ್‌ಬುಕ್ ಕೇಳಿದ. "ಟ್ರಂಕಲ್ಲಿಟ್ರೆ ಹುಳ ತಿನ್ನುತ್ತೆ. ಸ್ಕ್ಯಾನ್ ಮಾಡಿದ್ರೆ ನಾಲ್ಕು ಜನಕ್ಕೆ ಸಿಗುತ್ತೆ."

ಮದ್ದು ಕೊಡುತ್ತಿದ್ದವರು ಅಪ್ಪ, ಅರೆಯುತ್ತಿದ್ದವಳು ಅಮ್ಮ. ಪುಟದ ನಡುವೆ ಅಪ್ಪನ ಶಾಯಿ, ಅಂಚಿನಲ್ಲಿ ಅಮ್ಮನ ಪೆನ್ಸಿಲ್. ಅಪ್ಪ: "ಎರಡು ಚಮಚ." ಅಮ್ಮ: "ಅರ್ಧ ಸಾಕು. ತಲೆ ತಿರುಗುತ್ತೆ." ಓದಿ ಇಬ್ಬರೂ ನಕ್ಕೆವು. ಅಪ್ಪ ತಾವು ಬರೆದದ್ದನ್ನು ತಿದ್ದಲೇ ಇಲ್ಲ, ಕೊಡುತ್ತಿದ್ದದ್ದು ಮಾತ್ರ ಅರ್ಧವೇ.

ಒಪ್ಪಿದೆ. ನಾನೇ ಬಿಚ್ಚಿ ಕೊಟ್ಟೆ.

ಮಾರ್ಚ್ 29

ಟೇಬಲ್ ಇನ್ನೂ ಖಾಲಿ. ಒಂದು ಹಾಳೆಯೂ ವಾಪಸ್ ಬಂದಿಲ್ಲ. ತಮ್ಮನನ್ನು ಕೇಳಿದರೆ, "ಬರುತ್ತೆ ಬಿಡಕ್ಕ."

ಏಪ್ರಿಲ್ 2, ಮಧ್ಯಾಹ್ನ

ಹಿಂದಿನ ಗೇಟಿನಲ್ಲಿ ರದ್ದಿ ಲಾರಿ. ಹರಿದ ಮೂಟೆಯೊಂದರಲ್ಲಿ ನನ್ನ ಪೆನ್ಸಿಲ್ ನಂಬರ್ ಕಂಡಿತು. "ಇದು ನಾಲ್ಕನೇ ಟ್ರಿಪ್ ಅಮ್ಮಾ, ಪೇಪರ್ ಮಿಲ್ಲಿಗೆ" ಅಂದ ಡ್ರೈವರ್.

ತಮ್ಮನ ರೂಮಿಗೆ ಹೋದೆ. ಅಪ್ಪನದು ಎಲ್ಲಿ?

"ಹೋಗಿರ್ಬೇಕು. ಜಾಗ ಇಲ್ಲಕ್ಕ, ಮೇಲಿಂದ ಆರ್ಡರ್. ಕಂಪ್ಯೂಟರಲ್ಲಿ ಇದೆಯಲ್ಲ."

"ನಿಂಗೆ ಮೊದಲೇ ಗೊತ್ತಿತ್ತಾ?"

ತಲೆ ಎತ್ತಲಿಲ್ಲ. "ಹೇಳಿದ್ರೆ ನೀನು ಬಿಚ್ತಿದ್ಯಾ?"

ಏಪ್ರಿಲ್ 3

ಸ್ಕ್ಯಾನಿಂಗಿನವರು ಫೈಲ್ ತೋರಿಸಿದರು. ಪುಟ ಬೆಳ್ಳಗೆ, ಅಚ್ಚುಕಟ್ಟಾಗಿ. ಅಪ್ಪನ ಅಕ್ಷರ ಫಳಫಳ. "ಎರಡು ಚಮಚ." ಪಕ್ಕದಲ್ಲಿ... ಏನೂ ಇಲ್ಲ.

"ಅಂಚು ಗಲೀಜಾಗಿತ್ತು ಮೇಡಂ, ಕ್ರಾಪ್ ಮಾಡಿದ್ವಿ. ಎಲ್ಲಾ ಪುಸ್ತಕಕ್ಕೂ ಅದೇ ಸೆಟ್ಟಿಂಗ್." ಈಗಾಗಲೇ ಇನ್ನೂರು ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರಂತೆ.

ತಮ್ಮ ಫೋನ್ ಎತ್ತುತ್ತಿಲ್ಲ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವನು, ನನಗೇ ಟೋಪಿ ಹಾಕಿದ. ಅದೂ ನನ್ನ ಕೈಯಿಂದಲೇ ಬಿಚ್ಚಿಸಿ. ಅವಳು ಅವನಿಗೂ ಅಮ್ಮನೇ ಅಲ್ಲವೇ?

ಏಪ್ರಿಲ್ 5, ಬೆಳಿಗ್ಗೆ

ರಜೆ ಹಾಕಿದೆ. ತರಿಸಿದ್ದ ದಾರದಲ್ಲಿ ಬಿಳಿ ಹಾಳೆ ಹೊಲಿದೆ. ನೆನಪಿದ್ದಷ್ಟು ಅಮ್ಮನದನ್ನು ಬರೆದಿಡುತ್ತೇನೆ.

ಪುಟ 1: ಅರ್ಧ ಸಾಕು. ತಲೆ ತಿರುಗುತ್ತೆ.

ಪುಟ 2: ಬಸುರಿಗೆ ಬೇಡ.

ಪುಟ 3: ಖಾಲಿ ಹೊಟ್ಟೆಗೆ ಕೊಡಬೇಡಿ, ಎಷ್ಟು ಸಲ ಹೇಳಲಿ.

ಪುಟ 4: ಮಕ್ಕಳಿಗೆ—