ಗಾಳಿಯಾಡದ ಘ

ಮಧುಗಿರಿ
ಮಂಗಳವಾರ

ನನ್ನ ಮುಂಗೋಪಿ ರೇಣುಕಯ್ಯ ಮಾವನಿಗೆ,

ಎರಡು ವರ್ಷದ ಮೇಲೆ ಇವಳದೇನು ಕಾಗದ ಅಂತ ಮೂಗು ಮುರಿಯಬೇಡ. ಮಾತು ಬಿಟ್ಟವನು ನೀನು, ನಾನಲ್ಲ. ಫೋನು ಮಾಡಿದರೆ ಕಟ್ ಮಾಡುತ್ತೀಯ. ಕಾಗದವಾದರೆ ಹರಿದುಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಲೇಬೇಕು.

ನಿನ್ನ ಅಕ್ಷರಗಳನ್ನು ನಾನು ಮೊದಲು ನೋಡಿದ್ದು ಕೊರಟಗೆರೆಯ ಗೊಬ್ಬರದಂಗಡಿ ಗೋಡೆ ಮೇಲೆ. ನೀನು ಏಣಿ ಹತ್ತಿದ್ದೆ, ನಾನು ಕೆಳಗೆ ಐಸ್ ಕ್ಯಾಂಡಿ ಚೀಪುತ್ತಿದ್ದೆ. ಕನ್ನಡದ ಅಕ್ಷರವೆಲ್ಲ ದುಂಡು. ನೀನು ಮಾತ್ರ ತಲೆಕಟ್ಟನ್ನು ಮಟ್ಟಸವಾಗಿ, ಕಲ್ಲು ಚಪ್ಪಡಿಯಂತೆ ದಪ್ಪಗೆ ಹೇರುತ್ತಿದ್ದೆ. ಗೆರೆಯ ತುದಿಗೂ ಚೌಕಾಕಾರದ ಮೊಂಡು ಕಟ್ಟು. “ಬಸ್ಸಾಗೆ ತೂಕಡಿಸೋನ್ಗೂ ಕಾಣ್ಬೇಕು ಕಣಮ್ಮ” ಅಂದಿದ್ದೆ. “ದಪ್ಪ ಬರೆಯೋದು ಯಾವನ್ಗಾದ್ರೂ ಬತ್ತದೆ. ಅಕ್ಷರದ ಹೊಟ್ಟೆ ಒಳಗೆ ಗಾಳಿ ಆಡ್ಬೇಕು. ಇಲ್ದಿದ್ರೆ ಉಸಿರು ಕಟ್ಟಿ ಸಾಯ್ತದೆ.” ಅಂಗಡಿಯ ಶಂಕರಲಿಂಗಪ್ಪ ಬಂದು ಸ್ವಲ್ಪ ಸಣ್ಣ ಮಾಡಿ ಅಂದಾಗ ನೀನು ಏಣಿಯಿಂದ ಇಳಿದು, ಬ್ರಷ್ಷನ್ನು ಅವರ ಕೈಗಿಟ್ಟು, “ತಗಳ್ಳಿ, ನೀವೇ ಬರ್ಕಳಿ” ಅಂದೆ. ಅವರು ಬ್ರಷ್ಷನ್ನು ನಿನಗೇ ವಾಪಸ್ ಕೊಟ್ಟರು. ನನ್ನ ಮಾವ ಅಂದರೆ ಅವತ್ತಿನಿಂದ ನನಗೆ ಎಲ್ಲಿಲ್ಲದ ಜಂಬ.

ನರಸಿಂಹರಾಜು ಅವರ ಫ್ಲೆಕ್ಸ್ ಅಂಗಡಿಗೆ ಸೇರಿದ ಮೇಲೆ ನಿನ್ನ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸುವ ಹುಚ್ಚು ನನಗೆ ಹಿಡಿಯಿತು. ಕೇಳಿದಾಗ ನೀನು ನಕ್ಕೆ. “ತಗಂಡೋಗು, ಗೋಡೆ ಏನ್ ಸವ್ದೋಗ್ತದಾ?” ಎಂಟು ತಿಂಗಳು ನಿನ್ನ ಗೋಡೆಗಳ ಫೋಟೋ ಹಿಡಿದು ಒಂದೊಂದೇ ಅಕ್ಷರ ತಿದ್ದಿದೆ. ಫಾಂಟಿಗೆ ‘ಚಪ್ಪಡಿ’ ಅಂತ ಹೆಸರಿಟ್ಟೆ. ನಿನ್ನ ಹೆಸರಿಡಬೇಕಿತ್ತು, ಇಡಲಿಲ್ಲ. ಘ ಒಂದು ಮಾತ್ರ ಯಾವ ಗೋಡೆಯಲ್ಲೂ ಸಿಗಲಿಲ್ಲ. ಗೊಬ್ಬರ, ಟೈರು, ಬಿರಿಯಾನಿ ಮಾರುವವರಿಗೆ ಘ ಯಾಕೆ ಬೇಕು ಹೇಳು. ನಿನ್ನನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ರಾಜು ಅವರು ನಾಳೆಗೇ ಬೇಕು ಅಂತ ತಲೆ ಮೇಲೆ ಕೂತಿದ್ದರು. ಬೇರೆ ಅಕ್ಷರಗಳ ತುಂಡು ಜೋಡಿಸಿ ನಾನೇ ಒಂದು ಘ ಮಾಡಿ ಸೇರಿಸಿಬಿಟ್ಟೆ. ಅದರ ಹೊಟ್ಟೆಯಲ್ಲಿ ಸೂಜಿ ತೂರುವಷ್ಟೂ ಜಾಗವಿರಲಿಲ್ಲ. ಯಾರು ನೋಡುತ್ತಾರೆ ಅಂದುಕೊಂಡೆ, ನನ್ನ ಮುಖಕ್ಕಿಷ್ಟು.

ಆಮೇಲೆ ಆ ಫಾಂಟು ನನ್ನ ಹಿಡಿತ ತಪ್ಪಿತು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರಿ ಶಿರಾ, ಪಾವಗಡ ಎಲ್ಲ ಸೇರಿಕೊಂಡಿತು. ಹುಟ್ಟುಹಬ್ಬಕ್ಕೂ ಅದೇ, ಶ್ರದ್ಧಾಂಜಲಿಗೂ ಅದೇ, ಕೋಳಿ ಅಂಗಡಿಗೂ ಅದೇ. ಈಗ ನಾನು ಬೇಡ ಅಂದರೂ ಕೇಳುವವರಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದನ್ನೇ ಬಿಟ್ಟಿದ್ದೇನೆ, ನಾಲ್ಕು ತಾಲ್ಲೂಕಿನ ಗೋಡೆಗಳೂ ನಿನ್ನ ಕೈಬರಹದಲ್ಲಿ ನನ್ನನ್ನು ಬೈದಂತಾಗುತ್ತದೆ. ಶಿರಾದ ಹೋಟೆಲಿನವರು ನೀನು ಬರೆದಿದ್ದ ಗೋಡೆಯ ಮೇಲೇ ನಿನ್ನ ಅಕ್ಷರದ ಫ್ಲೆಕ್ಸ್ ಹೊಡೆದ ದಿನ ನೀನು ಅಂಗಡಿಗೆ ಬಂದೆ. ಕಂಪ್ಯೂಟರಿನ ಪರದೆಯನ್ನು ನೋಡಿ, “ನನ್ ಕೈ ಕಡ್ದು ಡಬ್ಬದಾಗಿಟ್ಕಂಡ್ಬುಟ್ಟಿದ್ದೀಯಲ್ಲೇ ಭುವನಾ” ಅಂದು ಹೊರಟುಹೋದೆ. ಅದೇ ನಿನ್ನ ಕೊನೆಯ ಮಾತು.

ಹೋದ ಶುಕ್ರವಾರ ನಾನು ಬಲಸಮುದ್ರಕ್ಕೆ ಬಂದಿದ್ದೆ. ಸೋಲಾರ್ ಕಂಪನಿಯವರ ಕಾಂಪೌಂಡ್ ಗೋಡೆಗಳಿಗೆ ಬಣ್ಣದಲ್ಲೇ ಬರೆಸಬೇಕು, ಅಲ್ಲಿನ ಗಾಳಿಗೆ ಫ್ಲೆಕ್ಸ್ ತಡೆಯುವುದಿಲ್ಲ, ನೋಡಿ ಬರೆಯಲು ಪ್ರಿಂಟ್ ಕೊಡಿ ಅಂತ ನಮ್ಮ ಅಂಗಡಿಗೆ ಹೇಳಿದ್ದರು. ಬರೆಯುವವನು ನೀನು ಅಂತ ಅಮ್ಮನೂ ಹೇಳಿರಲಿಲ್ಲ. ಅಳತೆ ಸರಿಯಿದೆಯಾ ನೋಡಲು ಬಂದವಳು ದೂರದಿಂದಲೇ ನಿನ್ನ ಬೆನ್ನು ಗುರುತಿಸಿದೆ. ಗೋಡೆಗೆ ನನ್ನ ಪ್ರಿಂಟ್ ಅಂಟಿಸಿಕೊಂಡು ನೀನು ನಿನ್ನದೇ ಅಕ್ಷರಗಳನ್ನು ಕಾಪಿ ಮಾಡುತ್ತಿದ್ದೆ. ನಾನು ಅಲ್ಲಿದ್ದ ಜೀಪಿನ ಹಿಂದೆ ಅಡಗಿ ನಿಂತುಬಿಟ್ಟೆ.

‘ಸೌರ ವಿದ್ಯುತ್ ಘಟಕ’ ಅಂತ ಬರೆಯಬೇಕಿತ್ತು. ಘ ಬಂದಾಗ ನಿನ್ನ ಕೈ ನಿಂತಿತು. ನೀನು ಪ್ರಿಂಟ್ ನೋಡಿದೆ, ತಲೆ ಕೊಡವಿದೆ, ಆಮೇಲೆ ಅದನ್ನು ನೋಡದೆಯೇ ಬರೆದೆ. ಅಬ್ಬಾ ಮಾವ, ಎಂಥಾ ಘ ಅದು! ಅಷ್ಟು ಭಾರದ ಚಪ್ಪಡಿ ಹೊತ್ತೂ ಹೊಟ್ಟೆ ತುಂಬ ಗಾಳಿ. ನಾನು ತಕ್ಷಣ ಫೋಟೋ ತೆಗೆದುಕೊಂಡೆ. ಅಷ್ಟರಲ್ಲಿ ಸೂಪರ್‌ವೈಸರ್ ಬಂದ. “ಏಮ್ ತಾತಾ, ಇದೊಂದು ಬ್ಯಾರೆ ತರ ಐತಲ್ಲ? ಪ್ರಿಂಟಾಗೆ ಹೆಂಗೈತೋ ಅಂಗೇ ಬರಿ. ಸುಣ್ಣ ಹೊಡಿ ಅದ್ಕೆ.” ಈಗ ಮಾವ ಇಳಿಯುತ್ತಾನೆ, ಬ್ರಷ್ಷನ್ನು ಅವನ ಕೈಗಿಡುತ್ತಾನೆ ಅಂತ ಕಾದೆ. ನೀನು ಇಳಿದೆ. ಸುಣ್ಣದ ಬಕೆಟ್ ತೆಗೆದುಕೊಂಡು ಮತ್ತೆ ಹತ್ತಿದೆ. “ಆಯ್ತು ಸಾರ್” ಅಂದೆ.

ನೀನು ನೀರು ಕುಡಿಯಲು ಹೋದಾಗ ಅವನ ಹತ್ತಿರ ಹೋಗಿ, ಈ ಅಕ್ಷರ ಹುಟ್ಟಿದ್ದೇ ಅವರ ಕೈಯಲ್ಲಿ ಅಂದೆ. ನಕ್ಕುಬಿಟ್ಟ. “ಯಾರು, ಈ ತಾತನಾ? ಕಂಪ್ಯೂಟರ್ದು ನೋಡಿ ಕಲ್ತವ್ನೆ ಕಣಮ್ಮ.” ಜಗಳವಾಡಿದರೆ ನಿನ್ನ ಕೆಲಸಕ್ಕೆ ಕುತ್ತು ಬಂದೀತು ಅಂತ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಮಧುಗಿರಿ ಬರುವವರೆಗೂ ಅತ್ತೆ.

ಇನ್ನೂ ಇಪ್ಪತ್ತೆರಡು ಗೋಡೆ ಉಳಿದಿವೆಯಂತೆ. ಅವುಗಳ ಪ್ರಿಂಟ್ ಹೋಗುವುದು ನನ್ನ ಕೈಯಿಂದಲೇ. ಮೂರು ದಿನ ಕೂತು ಆ ಫೋಟೋ ನೋಡಿ ನಿನ್ನ ಘ ಇಳಿಸಿದ್ದೇನೆ, ಅದರಲ್ಲಿ ಒಂದು ಗೆರೆಯೂ ನನ್ನದಲ್ಲ. ಊರೂರಿಗೆ ಹೋದ ಹಳೆಯದನ್ನು ವಾಪಸ್ ತರಲು ನನ್ನಿಂದಾಗದು. ಈ ಕಾಗದದ ಜೊತೆ ಬರುವ ಪ್ರಿಂಟುಗಳಲ್ಲಿ ಮಾತ್ರ ನಿನ್ನದೇ ಇದೆ. ನೀನು ಅದನ್ನು ನೋಡದೆ ಬರಿ. ಸೂಪರ್‌ವೈಸರ್ ಹೋಲಿಸಿ ನೋಡಿ ಸರಿಯಿದೆ ಅನ್ನುತ್ತಾನೆ. ನಿನ್ನ ಅಕ್ಷರ ಬರೆಯಲು ನಿನಗೇ ನನ್ನ ಪ್ರಿಂಟಿನ ಅಪ್ಪಣೆ ಬೇಕಾಯಿತಲ್ಲ ಮಾವ, ಇದಕ್ಕೆ ಯಾವ ಮುಖ ಹೊತ್ತು ಕ್ಷಮೆ ಕೇಳಲಿ?

ಆ ಮೊದಲ ಗೋಡೆಯಲ್ಲಿ ಅವನು ಸುಣ್ಣದ ಮೇಲೆ ಬರೆಸಿದ ನನ್ನ ಘ ಹಾಗೇ ಇರಲಿ, ತಿದ್ದಬೇಡ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನ್ನನ್ನು ಬೈಯಿ. ಬೈಯುವುದಕ್ಕಾದರೂ ನನ್ನ ಹೆಸರೆತ್ತು.

ತಲೆಗೆ ಟವೆಲ್ ಸುತ್ತಿಕೊಳ್ಳದೆ ಏಣಿ ಹತ್ತಬೇಡ, ಅಲ್ಲಿಯ ಬಿಸಿಲು ಕೆಟ್ಟದ್ದು. ನಿನ್ನ ಕೈ ಎಂದೂ ನಡುಗದಿರಲಿ.

ನಿನ್ನ ಅಕ್ಕ ಕರಿಬಸಮ್ಮನ ಮಗಳು,
ಭುವನಾ