ಮೊದಲ ಸಲ ನೀರು ಕಂಡ ಸೀರೆ

ನಮ್ಮ ಮನೆಯವರಿಗೆ,

ಬದುಕಿದ್ದಾಗ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಈಗಲೂ ಕರೆಯುವುದಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ ಇದು. ನಗುವುದಾದರೆ ಪೂರಾ ಓದಿ ಆಮೇಲೆ ನಗಿ. ನಿಮಗೊಂದು ಸುದ್ದಿ ಹೇಳಬೇಕು. ಮಾಗಿ ಕಳೆದಾಗಿನಿಂದ ಪ್ರತಿ ಭಾನುವಾರ ಇಳಕಲ್ಲಿನಿಂದ ಬಸ್ಸು ಹತ್ತಿ ಹುನಗುಂದದ ಚರ್ಚಿಗೆ ಹೋಗುತ್ತಿದ್ದೆ. ದೀಕ್ಷಾಸ್ನಾನಕ್ಕೆ ತಯಾರಿ. ಹೌದು, ನಾನೇ. ಸಿಟ್ಟಾಗಬೇಡಿ. ನಮ್ಮ ಮನೆಯಲ್ಲಿ ಸಿಟ್ಟು ನನ್ನ ಪಾಲಿನದು.

ನಿಮ್ಮ ಬಲಗೈ ಬಿದ್ದುಹೋದ ವರ್ಷ ನೆನಪಿದೆಯೇ? ಮಗ್ಗದ ಮೇಲೆ ಲಾಳಿ ಎಸೆದ ಕೈ ತುತ್ತು ಎತ್ತದಾಯಿತು. ಬಾಜೂ ಮನೆಯ ಎಸ್ತೇರವ್ವ ದಿನಾ ಸಂಜೆ ಬಂದು ನಿಮ್ಮನ್ನು ಮಗ್ಗುಲು ಹೊರಳಿಸಲು ನನ್ನ ಜೊತೆ ಕೈಜೋಡಿಸುತ್ತಿದ್ದಳು. ಒಮ್ಮೆ ನೀವೇ ಕೇಳಿದಿರಿ: "ಇದರಿಂದ ನಿನಗೇನ್ ಸಿಗ್ತದವಾ?" ಅವಳು ಬಾಯಿ ಜೋರಿನವಳು. "ಕಾಕಿ ಕಡಿಂದ ಬೈಗಳ ಸಿಗ್ತಾವಲ್ರಿ ಕಾಕಾ, ಸಾಲದೇನ?" ನೀವು ಹೋದ ಮೇಲೆ ನಾನು ಯಾರೊಂದಿಗೂ ಮಾತಾಡಲಿಲ್ಲ. ಅವಳು ಬಂದು ಸುಮ್ಮನೆ ಬಳಿ ಕೂಡುತ್ತಿದ್ದಳು. ಹೀಗೆ ಕೂಡುವುದನ್ನು ಇವಳಿಗೆ ಕಲಿಸಿದ ದೇವರು ಯಾರು, ನೋಡಿಯೇ ಬರೋಣ ಎಂದು ಹೋದೆ. ಹೋದವಳಿಗೆ ಅಲ್ಲಿ ಎದ್ದು ಬರುವ ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಅವಳಿಗಿಂತ ಮೊದಲು ನಾನೇ ಬಸ್ಸು ಹತ್ತಿದೆ.

ಪಾಸ್ಟರು ನಮ್ಮ ಮೊಮ್ಮಗನಂಥ ಹುಡುಗ. ಮೊದಲ ದಿನ ತಿಳಿಸಿ ಹೇಳಿದ: ನೀರಿನಲ್ಲಿ ಮುಳುಗುವುದೆಂದರೆ ಯೇಸುವಿನ ಜೊತೆ ಮಣ್ಣಾದ ಹಾಗೆ, ಮೇಲೆದ್ದರೆ ಅವನ ಜೊತೆ ಹೊಸ ಜೀವ. ಹಳೆಯದು ಅಲ್ಲೇ ಸಾಯುತ್ತದೆ. ನಾನು ನಡುವೆಯೇ ಬಾಯಿ ಹಾಕಿದೆ.

"ಹಳೇದಂದ್ರ ನಮ್ಮನಿಯವರೂ ಬಂದ್ರಲ್ಲೋ ತಮ್ಮಾ? ಅವರ ಜೋಡಿ ಬಾಳೇ ಮಾಡಿದ್ದೂ ಸಾಯ್ತದೇನ?"

"ಇಲ್ರಿ ಅವ್ವಾರ. ಸಾಯೂದು ಪಾಪ. ಪ್ರೀತಿ ಯಾಕ ಸಾಯ್ತದರಿ?"

"ಮತ್ತ ನನ್ನ ಸಿಟ್ಟು?"

"ಅದು ಸತ್ರ ಛಲೋ ಆಕ್ಕೈತ್ರಿ."

"ಅದು ಸತ್ರ ನಮ್ಮ ಕಾಕೀನ ಯಾರೂ ಗುರ್ತ ಹಿಡಿಯಂಗಿಲ್ಲ," ಎಂದಳು ಎಸ್ತೇರವ್ವ. ಅವತ್ತು ನಾನೂ ನಕ್ಕೆ.

ನಗು ನಿಂತದ್ದು ಬಟ್ಟೆಯ ಮಾತು ಬಂದಾಗ. ನೀರಿಗಿಳಿಯುವವರೆಲ್ಲ ಬಿಳಿ ಉಡಬೇಕಂತೆ. ಹೊಸ ಜೀವದ ಬಣ್ಣ, ಸಂತೋಷದ ಬಣ್ಣ, ತಮ್ಮಲ್ಲಿ ಮದುಮಗಳೂ ಬಿಳಿ ಉಡುತ್ತಾಳೆ ಎಂದು ಎಸ್ತೇರವ್ವ ತಿಳಿಹೇಳಿದಳು. "ನಿಮ್ಮ ಮದುಮಗಳು ಉಡ್ಲಿ, ನಾ ಉಡಾಂಗಿಲ್ಲ" ಎಂದು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಅವರಿಗೇನು ಗೊತ್ತು? ನಮ್ಮ ಅತ್ತೆ ಎಳೆ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಸಾಯುವ ತನಕ ಬಿಳಿ ಉಟ್ಟವರು. ಉಡಿ ತುಂಬುವಾಗ ಅವರು ಹಿತ್ತಲಲ್ಲಿ ನಿಂತಿರುತ್ತಿದ್ದರು, ನೀವು ಸಣ್ಣವರು ಸೆರಗು ಹಿಡಿದು ಜೊತೆಗೆ. ಅದಕ್ಕೇ ನೀವು ನಿಮ್ಮ ಮಗ್ಗಕ್ಕೆ ಪೂರಾ ಬಿಳಿ ನೂಲಿನ ಹಾಸು ಏರಿಸಿದವರಲ್ಲ. ಹಾಸಿಗೆ ಹಿಡಿದಾಗ ಎಡಗೈಯಿಂದ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿರಿ: "ನಾ ಸತ್ತ ಮ್ಯಾಲ ನೀ ಬಿಳಿ ಸೀರಿ ಉಡಬಾರ್ದು. ಉಟ್ಟಿ ಅಂದ್ರ ಕನಸಿನ್ಯಾಗ ಬಂದು ಬೈತೇನಿ." ಜೀವನದಲ್ಲಿ ಬೈಯಲಾರದ ಗಂಡಸು ಕನಸಿನಲ್ಲಿ ಏನು ಬೈದಾರು? ಆದರೂ ಮಾತು ಮಾತೇ. ಅದನ್ನು ಮುರಿದು ಯಾವ ಮುಖ ಹೊತ್ತು ದೇವರ ಮುಂದೆ ನಿಲ್ಲಲಿ?

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಕಡೆಗೆ ಪಾಸ್ಟರೇ ಮನೆಗೆ ಬಂದ. ಚಹಾ ಕೊಟ್ಟು ಆಣೆಯ ಸಂಗತಿ ಎಲ್ಲ ಹೇಳಿದೆ. ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. "ಬಿಳೀದು ನಮ್ಮ ರೂಢಿ ಅಷ್ಟರಿ ಅವ್ವಾರ. ಬೇಕಾದ್ದು ನೀರು, ನಂಬಿಕಿ. ಇಷ್ಟ್ ಮಾತು ಉಳಿಸ್ಕೊಳ್ಳೋರು ಅದನ್ನೂ ಉಳಿಸ್ಕೋತೀರಿ. ನಿಮಗ ಬೇಕಾದ್ದು ಉಡ್ರಿ," ಎಂದ.

ಟ್ರಂಕಿನಿಂದ ನೀವು ಕೊನೆಗೆ ನೇಯ್ದ ಸೀರೆ ತೆಗೆದೆ. ಕೆಂಪು ಸೆರಗಿನದು, ನನಗೆಂದೇ ಇಟ್ಟದ್ದು. ಉಡುವ ಮೊದಲೇ ನಿಮ್ಮ ಕೈ ಬಿದ್ದಿತ್ತು, ಆಮೇಲೆ ಮನಸ್ಸಾಗಲಿಲ್ಲ. ಸೆರಗು ಬಿಚ್ಚಿ ಹಾಸಿದಾಗ ಕಂಡಿತು ನೋಡಿ. ನಮ್ಮ ಸೆರಗಿನಲ್ಲಿ ಕೆಂಪು, ಬಿಳಿ, ಮತ್ತೆ ಕೆಂಪು. ಬಿಳಿ ಇಲ್ಲದೆ ಇಳಕಲ್ ಸೆರಗೇ ಇಲ್ಲ. ಬಿಳಿಯ ಮೇಲೆ ಅಷ್ಟು ಸಿಟ್ಟಿದ್ದವರು ಜೀವಮಾನವೆಲ್ಲ ಕೆಂಪಿನ ನಡುವೆ ಅದನ್ನೇ ಕೂರಿಸಿ ಊರ ಮುತ್ತೈದೆಯರಿಗೆಲ್ಲ ಉಡಿಸಿದಿರಿ. ನಿಮಗೆ ಗೊತ್ತಿತ್ತೇ? ಗೊತ್ತಿದ್ದೇ ಸುಮ್ಮನಿದ್ದಿರೇ?

ಎಸ್ತೇರವ್ವನಿಗೆ ಬೇರೆಯೇ ಚಿಂತೆ. "ನೀರು ಕಾಣದ ಸೀರಿ ಕಾಕಿ. ಬಣ್ಣ ಬಿಟ್ರ ಚರ್ಚಿನ ತೊಟ್ಟಿ ತುಂಬ ಕೆಂಪು! ಬಕೀಟಿನ್ಯಾಗ ಒಂದಿಷ್ಟು ಅದ್ದಿ ನೋಡೂಣಲ್ಲ?" "ನಮ್ಮನಿಯವರ ಬಣ್ಣಾ ಪರೀಕ್ಷಾ ಮಾಡ್ತಿಯೇನ?" ಎಂದು ಅವಳ ಬಾಯಿ ಮುಚ್ಚಿಸಿದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಅಷ್ಟು ಮಂದಿಯ ಎದುರು ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ಬಂದರೆ…

ಕೂಡಲಸಂಗಮದಲ್ಲಿ ನಾನು ನೀರಿಗೆ ಹೆದರಿ ಮೆಟ್ಟಿಲ ಮೇಲೇ ನಿಂತಿದ್ದೆ, ನೆನಪಿದೆಯೇ? "ನಾ ಹಿಡಿದೇನಿ, ಮುಳುಗ" ಎಂದು ಮಣಿಕಟ್ಟು ಹಿಡಿದಿರಿ. ಇವತ್ತು ಬೆಳಿಗ್ಗೆ ಚರ್ಚಿನ ಹಿಂದಿನ ಸಿಮೆಂಟಿನ ತೊಟ್ಟಿಗೆ ಇಳಿದಾಗ ಎದೆಮಟ ನೀರು, ತೊಟ್ಟಿಯ ಅಂಚು ಗಟ್ಟಿ ಹಿಡಿದೆ. ಸುತ್ತ ಬಿಳಿ ಉಟ್ಟವರು, ನಡುವೆ ನಾನೊಬ್ಬಳು ನಿಮ್ಮ ಸೀರೆಯಲ್ಲಿ, ತಲೆ ಮೇಲೆ ಸೆರಗು. ಪಾಸ್ಟರು ಬೆನ್ನಿಗೆ ಕೈಯಿಟ್ಟು, "ಹೆದರಬ್ಯಾಡ್ರಿ, ಹಿಡಿದೇನ್ರಿ" ಎಂದ. ಅದೇ ಮಾತು! ಕಣ್ಣು ಮುಚ್ಚಿದೆ. ಒಳಗೆ ಏನೂ ಕೇಳಿಸಲಿಲ್ಲ. ಸಾವು ಇಷ್ಟೇ ಮೆತ್ತಗೆ ಇದ್ದರೆ ನೀವೂ ನೋಯದೆ ಹೋಗಿರುತ್ತೀರಿ ಎನ್ನಿಸಿತು. ಮೇಲೆದ್ದಾಗ ಮೈಯೆಲ್ಲ ಬೆಳಕು, ಮಂದಿ ಹಾಡುತ್ತಿದ್ದರು. ಎಸ್ತೇರವ್ವ ಮಾತ್ರ ಹಾಡುವುದು ಬಿಟ್ಟು ತೊಟ್ಟಿಯೊಳಗೆ ಬಗ್ಗಿ ನೀರು ನೋಡುತ್ತಿದ್ದಳು. "ನನ್ನ ಮಾರಿ ನೋಡ ಲೇ, ನೀರೇನ್ ನೋಡ್ತಿ!" ಎಂದು ಅಲ್ಲಿಂದಲೇ ಗದರಿಸಿದೆ. ಸಿಟ್ಟು ಸತ್ತಿಲ್ಲ. ಪಾಸ್ಟರು, ನಿಧಾನಕ್ಕೆ ಸಾಯ್ತದ ಎಂದ.

ಈಗ ಸೀರೆ ಹಿತ್ತಲ ಹಗ್ಗದ ಮೇಲೆ ಒಣಗುತ್ತಿದೆ. ನಿಮ್ಮ ಅವ್ವ ನಿಲ್ಲುತ್ತಿದ್ದ ಜಾಗದಲ್ಲೇ. ಈಗಷ್ಟೇ ಎದ್ದು ಹೋಗಿ ಸೆರಗು ಬಿಸಿಲಿಗೆ ಹಿಡಿದು ನೋಡಿ ಬಂದೆ. ಕೆಂಪು ಕೆಂಪಾಗಿಯೇ ಇದೆ ರೀ. ಬಿಳಿಗೆ ಒಂದು ಹನಿಯೂ ಹತ್ತಿಲ್ಲ.