ಮುಂಚೆ ಮುಗಿಸಿದ ವರ್ಷ

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಹಾಲು ಆರೂವರೆ ಲೀಟರ್. ಕೆಂದ ಹಸು ಮತ್ತೆ ಒದೆಯುತ್ತಿದೆ. ಹಿಂಗಾಲಿಗೆ ಹಗ್ಗ ಹಾಕಿಯೇ ಕರೆದೆ. ಡೈರಿಯಿಂದ ಬರುವಷ್ಟರಲ್ಲಿ ಸೊಸೆ ಮಕ್ಕಳಿಗೆ ಯೂನಿಫಾರಂ ಹಾಕಿ ನಿಲ್ಲಿಸಿದ್ದಳು. ತಿಂಡಿಗೆ ಚಿತ್ರಾನ್ನ. ಉಪ್ಪು ಜಾಸ್ತಿ. ಹೇಳಿದೆ.

ಕಿಶನ್ ಎಲ್‌ಕೆಜಿ. ಸ್ಕೂಲಿನಲ್ಲಿ ಇಪ್ಪತ್ಮೂರಕ್ಕೆ ಕ್ರಿಸ್ಮಸ್ ಪ್ರೋಗ್ರಾಂ, ಇವನು ಕುರಿಮರಿಯಂತೆ. ಹಜಾರದ ತುಂಬ ಅಂಬೆಗಾಲಿಟ್ಟುಕೊಂಡು ಮ್ಯಾ ಮ್ಯಾ. ಚಿನ್ನು ಎರಡನೇ ಕ್ಲಾಸು. ಅವಳಿಗೆ ವೇಷ ಇಲ್ಲ, ಹಾಡುವ ಗುಂಪಿನಲ್ಲಿ ಹಿಂದಿನ ಸಾಲು. ಅದಕ್ಕೆ ಮುಖ ಊದಿಸಿಕೊಂಡಿದ್ದಾಳೆ.

ಆಸ್ಪತ್ರೆ ಡ್ಯೂಟಿಗೆ ಹೊರಡುವಾಗ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು.

"ಅತ್ತೆ, ಜಗಲೀಲಿ ಒಂದು ಸ್ಟಾರ್ ಕಟ್ಟಲಾ? ಮಕ್ಕಳು ಕೇಳ್ತಾವೆ."

"ವರ್ಷ ಆಗಿಲ್ಲ."

"ನನಗಲ್ಲ ಅತ್ತೆ. ನಾನು ಹೊಸ ಸೀರೇನೂ ಉಡಾಕಿಲ್ಲ. ಮಕ್ಕಳಿಗೆ."

"ಮಕ್ಕಳಿಗೂ ಅಪ್ಪನೇ ಸತ್ತಿರೋದು."

ಹೋದಳು. ಗೇಟು ಹಾಕುವ ಸದ್ದು ಪಕ್ಕದ ಬೀದಿಗೆ ಕೇಳಿರಬೇಕು.

ನನ್ನ ಮಗ ಚಲುವರಾಜು ಹೋಗಿದ್ದು ಹಿಂದಿನ ಮಾಘದಲ್ಲಿ, ಹೈವೇಯಲ್ಲಿ, ಬೈಕಿನ ಮೇಲೆ. ಅವನ ತಿಥಿ ಬರುವುದು ಜನವರಿ ಇಪ್ಪತ್ತಾರಕ್ಕೆ. ಅಲ್ಲಿಯವರೆಗೆ ಈ ಮನೆಗೆ ಹಬ್ಬ ಇಲ್ಲ. ಯುಗಾದಿ ಮಾಡಲಿಲ್ಲ. ಗೌರಿ ಕೂರಿಸಲಿಲ್ಲ. ದೀಪಾವಳಿಗೆ ಒಲೆಯ ಮೇಲೆ ಬಾಣಲೆ ಇಡಲಿಲ್ಲ. ನೆಂಟರು ತಂದು ಕೊಟ್ಟ ಒಬ್ಬಟ್ಟು ತಿಂದು ಕೈ ತೊಳೆದೆವು. ನನ್ನ ಹಬ್ಬಗಳನ್ನೇ ಬಿಟ್ಟು ಕೂತಿದ್ದೇನೆ. ಅವಳದನ್ನು ಮಾಡಿಸುತ್ತೇನೆಯೇ.

ಡಿಸೆಂಬರ್ 8, ಸೋಮವಾರ

ಐದು ದಿನದಿಂದ ತಟ್ಟೆ ಇಡುತ್ತಾಳೆ, ತಿನ್ನುತ್ತೇನೆ, ಅಷ್ಟೆ.

ಇವತ್ತು ಹೊಸ ವರಸೆ. ಇಪ್ಪತ್ತೈದಕ್ಕೆ ಮಕ್ಕಳನ್ನು ಕೆ.ಆರ್.ಪೇಟೆಗೆ ಕರೆದುಕೊಂಡು ಹೋಗುತ್ತಾಳಂತೆ. ತವರಿಗೆ. ಒಂದೇ ದಿನ.

ಅವಳ ಹೆಸರು ರೋಸ್ಲಿನ್. ಮದುವೆಯ ದಿನ ಅಕ್ಕಿಯ ಮೇಲೆ ದಿವ್ಯ ಎಂದು ಬರೆಸಿದವಳು ನಾನು. ಊರವರೆಲ್ಲ ದಿವ್ಯ ಎನ್ನುತ್ತಾರೆ. ಚಲುವ ಒಬ್ಬನೇ ರೋಸಿ ಎನ್ನುತ್ತಿದ್ದ, ನನಗೆ ಕೇಳಿಸಲಿ ಎಂದೇ. ಅವನಿದ್ದಾಗ ಪ್ರತಿ ವರ್ಷ ಇಪ್ಪತ್ನಾಲ್ಕಕ್ಕೆ ಇವರನ್ನೆಲ್ಲ ಹೊರಡಿಸಿಕೊಂಡು ಹೋಗುತ್ತಿದ್ದ, ಇಪ್ಪತ್ತಾರಕ್ಕೆ ವಾಪಸು. ನಾನು ಕೇಳುತ್ತಿರಲಿಲ್ಲ. ಅವನು ಹೇಳುತ್ತಿರಲಿಲ್ಲ. ಆ ಹಬ್ಬ ನನ್ನ ಹೊಸ್ತಿಲು ದಾಟಲಿಲ್ಲ.

ಸಂಜೆ ಚಿನ್ನುಗೆ ತಲೆ ಬಾಚುತ್ತಿದ್ದೆ.

"ಅಜ್ಜಿ, ಕೆ.ಆರ್.ಪೇಟೇಲಿ ಮಾಮ ಮೇಲ್ಗಡೆ ರೂಮಿಗೆ ಪಿಂಕ್ ಬಣ್ಣ ಹೊಡಿಸ್ತಾವ್ರೆ. ವಿಡಿಯೋ ಕಾಲಲ್ಲಿ ತೋರ್ಸಿದ್ರು."

"ಯಾರಿಗೆ ಆ ರೂಮು?"

"ನಂಗೆ, ಕಿಶನ್‌ಗೆ. ಕಿಶನ್ ಹಾಸಿಗೇಲಿ ಉಚ್ಚೆ ಹುಯ್ಕೊಂಡ್ರೆ ನಾನು ಮಲಗಾಕಿಲ್ಲ ಅಂದಿವ್ನಿ."

ಜಡೆ ಬಿಗಿಯಾಯಿತಂತೆ, ಕಿರುಚಿದಳು.

ಒಂದು ದಿನಕ್ಕೆ ಹೋಗುವ ಮಕ್ಕಳಿಗೆ ಯಾರೂ ರೂಮಿಗೆ ಬಣ್ಣ ಹೊಡೆಸುವುದಿಲ್ಲ.

ಡಿಸೆಂಬರ್ 9

ಹೋಗಕೂಡದು ಎಂದೆ. ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಡಿಸೆಂಬರ್ 12, ಶುಕ್ರವಾರ. ಸಂಜೆ

ನಿಂಗರಾಜು ಬಂದಿದ್ದ. ನನ್ನ ಮೈದುನನ ಮಗ, ಹಿಂದಿನ ಬೀದಿಯಲ್ಲೇ ಮನೆ. ಕಾಫಿ ಕುಡಿದು ಕಾಲು ಚಾಚಿ ಕೂತ. ಅವನಿಗೆ ಹೇಳಿದೆ.

"ಕಳ್ಸು ಬುಡು ದೊಡ್ಡವ್ವ, ಒಂದಿನ ತಾನೆ."

"ಹೋದ್ರೆ ಬರಾಕಿಲ್ಲ ಕಣ್ಲಾ. ರೂಮು ರೆಡಿ ಮಾಡ್ತಾವ್ರೆ."

"ಅಂಗಾರೆ ಹಬ್ಬ ಇಲ್ಲೇ ಮಾಡ್ಸು. ಇಲ್ಲೇ ಸಿಕ್ರೆ ಐಕ್ಳು ಅಲ್ಗ್ಯಾಕೆ ಹೋಗ್ತವೆ?"

"ವರ್ಷ ಆಗಿಲ್ಲ ಅಂತಾವ್ನಿ. ಕಿವಿ ಐತೋ ಇಲ್ವೋ ನಿಂಗೆ?"

"ಆಗ್ನಿಲ್ಲ ಅಂದ್ರೆ ಆಗುಸ್ಬುಡು. ಪಾಂಡವಪುರದ ನಮ್ಮತ್ತೆ ಮನೇವ್ರು, ಮಗಳ ಮದುವೆ ಐತೆ ಅಂತ ಹತ್ತನೇ ತಿಂಗಳಿಗೇ ವರ್ಷದ ಕಾರ್ಯ ಮುಗಿಸ್ಬುಟ್ರು. ಪಶ್ಚಿಮವಾಹಿನೀಲಿ ಪುರೋಹಿತ್ರನ್ನ ಕೇಳಾನ. ಕಾರ್ಯ ಆದ್ಮೇಲೆ ನೀನು ಬಾಣಲೇನಾದ್ರೂ ಇಡು, ಸ್ಟಾರಾದ್ರೂ ಕಟ್ಟು, ಯಾರ್ ಕೇಳ್ತಾರೆ?"

ಈ ಪೆದ್ದನ ತಲೆಯಲ್ಲೂ ಒಮ್ಮೊಮ್ಮೆ ಏನಾದರೂ ಹೊಳೆಯುತ್ತದೆ.

ಡಿಸೆಂಬರ್ 14, ಭಾನುವಾರ

ಪುರೋಹಿತರು ಒಪ್ಪಿದರು. ಇಪ್ಪತ್ತೆರಡು, ಸೋಮವಾರ. ಹನ್ನೊಂದನೇ ತಿಂಗಳಲ್ಲಿ ಮಾಡಿಕೊಳ್ಳುವವರು ಎಷ್ಟೋ ಜನ, ದೋಷ ಇಲ್ಲ ಎಂದರು.

ಸೊಸೆ ಬಟ್ಟೆ ಹಿಂಡುತ್ತಿದ್ದಳು. ಅಲ್ಲಿಗೇ ಹೋಗಿ ಹೇಳಿದೆ.

"ಹಬ್ಬ ಇಲ್ಲೇ ಮಾಡ್ಕೋ. ಸ್ಟಾರ್ ಕಟ್ಟು, ಗೋದಲಿ ಕಟ್ಟು, ನಿನ್ನ ಇಷ್ಟ. ಕೆ.ಆರ್.ಪೇಟೆ ಬೇಡ. ಇಪ್ಪತ್ತೆರಡಕ್ಕೆ ವರ್ಷದ ಕಾರ್ಯ."

ಹಿಂಡುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು.

"ಯಾರ ವರ್ಷದ ಕಾರ್ಯ?"

"ಇನ್ಯಾರದು?"

"ಅವರ ದಿನ ಜನವರಿಗಲ್ವಾ ಅತ್ತೆ?"

"ಮುಂಚೆ ಮಾಡಬಹುದು."

"ಬೇಡ. ಸ್ಟಾರೂ ಬೇಡ, ಏನೂ ಬೇಡ ಬುಡಿ. ಅವರ ದಿನ ಮಾತ್ರ ಮುಂಚೆ ಮಾಡ್ಬೇಡಿ."

"ಯಾಕೆ?"

ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. "ಬೇಡ ಅಷ್ಟೆ."

"ಹಬ್ಬ ಬೇಕು ಅಂದೆ, ಕೊಟ್ಟೆ. ಈಗ ಅದೂ ಬೇಡ್ವಾ? ಬೇಕಿರೋದು ಹಬ್ಬ ಅಲ್ಲ, ಊರಿಗೆ ಹೋಗೋ ನೆಪ."

ನೀರು ತುಂಬಿದ ಬಕೆಟ್ಟನ್ನು ಕಾಲಿಂದ ಒದ್ದಳು. ನನ್ನ ಸೀರೆಯ ಅಂಚು ಒದ್ದೆಯಾಯಿತು. ಹತ್ತು ವರ್ಷದಲ್ಲಿ ಮೊದಲ ಸಲ. ಗೆದ್ದೆ ಎಂದುಕೊಂಡೆ. ದಾರಿ ಮುಚ್ಚಿದ್ದಕ್ಕೆ ಉರಿ, ಇನ್ನೇನು.

ಡಿಸೆಂಬರ್ 22, ಸೋಮವಾರ

ಕಾರ್ಯ ಮುಗಿಯಿತು. ಹೊಳೆಯಲ್ಲಿ ನೀರು ಕಮ್ಮಿ, ಕಲ್ಲು ಜಾರುತ್ತಿತ್ತು. ಕಿಶನನೇ ಮಾಡಬೇಕು, ಗಂಡು ಅವನೊಬ್ಬನೇ. ದರ್ಭೆಯ ಉಂಗುರ ಅವನ ಬೆರಳಿಗೆ ದೊಡ್ಡದು, ಮೂರು ಸಲ ನೀರಿಗೆ ಬಿತ್ತು. ನಿಂಗರಾಜು ಹಿಂದಿನಿಂದ ಕೈ ಹಿಡಿದು ಎಳ್ಳುನೀರು ಬಿಡಿಸಿದ. "ಇದು ಅಪ್ಪಂಗಾ? ಅಪ್ಪ ಎಲ್ಲಿಂದ ಕುಡೀತಾರೆ?" ಎಂದು ಕೇಳಿತು ಮಗು. ಪುರೋಹಿತರೂ ಮಂತ್ರ ನಿಲ್ಲಿಸಿದರು.

ಮುಂಚೆಯೇ ಅವನ ತಲೆ ಬೋಳಿಸಿದ್ದೆವು. ಸೊಸೆ ಇನ್ನೂ ಬಂದಿರಲಿಲ್ಲ, ಆಸ್ಪತ್ರೆಯಿಂದ ನೇರ ಬರುತ್ತೇನೆ ಎಂದಿದ್ದಳು. ಬಂದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ನಾಳೆ ಅವನ ಪ್ರೋಗ್ರಾಂ ಅತ್ತೆ."

"ಅಪ್ಪನ ಕಾರ್ಯಕ್ಕಿಂತ ಕುರಿ ವೇಷ ದೊಡ್ಡದಾ?"

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನಮ್ಮ ಮನೆ ಮಗು."

ಆಮೇಲೆ ಅವಳು ಆಡಿದ್ದು ಇಷ್ಟೇ: "ಸರಿ."

ಡಿಸೆಂಬರ್ 23

ಪ್ರೋಗ್ರಾಮಿಗೆ ಹೋದೆ. ಯಾರೂ ಕರೆಯಲಿಲ್ಲ, ನಾನೇ ಹೋದೆ. ಕುರಿಯ ಬಟ್ಟೆ ಹೊಲಿದವಳು ಮೂಲೆ ಮನೆಯ ಬೀಬಿಜಾನ್, ಅವಳೂ ನೋಡಲು ಬಂದಿದ್ದಳು. ಬೋಳುತಲೆಯ ಮೇಲೆ ಹತ್ತಿಯ ಟೋಪಿ ನಿಲ್ಲದೆ ಜಾರಿ ಬಿತ್ತು. ಹುಡುಗರೆಲ್ಲ ಹೋ ಎಂದರು. ಕಿಶನ್ ಅಳಲಿಲ್ಲ, ಟೋಪಿ ಬಾಯಲ್ಲಿ ಕಚ್ಚಿಕೊಂಡು ಅಂಬೆಗಾಲಲ್ಲೇ ಹೋದ.

"ಉಣ್ಣೆ ಕತ್ರಿಸಿದ ಮೇಲೇನೇ ನೋಡಿ ಕುರಿ ಚೆಂದ," ಎಂದಳು ಬೀಬಿಜಾನ್. "ಫಿಕರ್ ಮಾಡ್ಬೇಡಿ ಅಮ್ಮಾ."

ನಾನು ಯಾವ ಫಿಕರೂ ಮಾಡುತ್ತಿರಲಿಲ್ಲ. ಸೊಸೆ ಎರಡು ಸಾಲು ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

ಡಿಸೆಂಬರ್ 24, ಬುಧವಾರ

ಅಟ್ಟದಿಂದ ಬಾಣಲೆ ಇಳಿಸಿದೆ. ಹನ್ನೊಂದು ತಿಂಗಳ ಮಸಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಸೋಮವಾರ ರಾತ್ರಿಯೇ ಅಕ್ಕಿ ನೆನೆಸಿದ್ದೆ. ನಿನ್ನೆ ಕುಟ್ಟಿ ಪಾಕಕ್ಕೆ ಹಾಕಿಟ್ಟೆ. ಆರೋಗ್ಯಮ್ಮ, ಅದೇ ಇವಳ ತಾಯಿ, ಪ್ರತಿ ಕ್ರಿಸ್ಮಸ್ಸಿಗೂ ಡಬ್ಬಿ ತುಂಬ ಕಜ್ಜಾಯ ಕಳಿಸುತ್ತಿದ್ದಳು. ಚಪ್ಪಲಿಯ ಹಾಗೆ ಹಲ್ಲಲ್ಲಿ ಎಳೆಯಬೇಕು. ಕಜ್ಜಾಯ ಎಂದರೆ ಏನೆಂದು ಈ ಸಲ ಮಕ್ಕಳು ನೋಡಲಿ.

ಜಗಲಿಯಲ್ಲಿ ಸ್ಟಾರ್. ಕೆಳಗೆ ಗೋದಲಿ. ರಟ್ಟಿನ ಡಬ್ಬಿಯ ಗುಡಿಸಲು, ಬಣ್ಣದ ಬೊಂಬೆಗಳು, ನಡುವೆ ಅವರ ಕೂಸುದೇವರು. ಕಬ್ಬಿನ ಸೋಗೆ ಹೊದಿಸುತ್ತಿದ್ದರು. ಸೋಗೆ ಕೂಸಿನ ಮೈ ಕೊಯ್ಯುತ್ತದೆ, ಅಷ್ಟೂ ಗೊತ್ತಿಲ್ಲ. ಕೊಟ್ಟಿಗೆಯಿಂದ ಒಂದು ಹಿಡಿ ಭತ್ತದ ಹುಲ್ಲು ತಂದು ಹಾಕಿದೆ. ಕಿಶನ್ ತನ್ನ ಆಟದ ಟ್ರಾಕ್ಟರನ್ನು ಕುರಿಗಳ ಪಕ್ಕ ನಿಲ್ಲಿಸಿದ್ದಾನೆ.

"ಇಲ್ಲಿ ಅಪ್ಪ ಅವ್ರೆ, ಅಮ್ಮ ಅವ್ರೆ, ಹಸು ಐತೆ," ಚಿನ್ನು ಎಣಿಸಿದಳು. "ಪಾಪುಗೆ ಅಜ್ಜಿ ಇಲ್ವಾ ಅಮ್ಮ?"

"ಇದ್ರು," ಎಂದಳು ಸೊಸೆ. "ಬರ್ಲಿಲ್ಲ."

"ಯಾಕೆ?"

"ಶಾಸ್ತ್ರ ಜಾಸ್ತಿ ಇತ್ತೇನೋ."

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಹುಲ್ಲು ಇತ್ತು. ಒಳಗೆ ಹೋಗಿ ಒಲೆ ಹಚ್ಚಿದೆ. ಅರವತ್ತು ಕಜ್ಜಾಯ. ಒಂದೂ ಒಡೆಯಲಿಲ್ಲ.

ಡಿಸೆಂಬರ್ 25, ಗುರುವಾರ. ಬೆಳಿಗ್ಗೆ 10

ಗಂಜಾಂ ಕಡೆಯ ಚರ್ಚಿಗೆ ಹೋಗಿ ಬಂದರು. ಮಕ್ಕಳಿಗೆ ಹೊಸ ಬಟ್ಟೆ. ಸೊಸೆ ಹಳೆಯ ಸೀರೆಯಲ್ಲೇ ಇದ್ದಾಳೆ. ಈಗ ಯಾಕೆ, ವರ್ಷ ಮುಗಿಯಿತಲ್ಲ. ಕೇಳಲಿಲ್ಲ.

ಚಿನ್ನು ಐದು ಕಜ್ಜಾಯ ತಿಂದಳು. "ಕೆ.ಆರ್.ಪೇಟೆ ಅಜ್ಜೀದ್ಕಿಂತ ಮೆತ್ಗವೆ" ಎಂದಳು. ಇನ್ನೊಂದು ಕೊಟ್ಟೆ. ಕಿಶನ್ ಒಂದನ್ನು ಗೋದಲಿಯ ಕೂಸಿನ ಮುಂದಿಟ್ಟು ಕೈ ಮುಗಿದು, ಆಮೇಲೆ ತಾನೇ ತಿಂದ. ನಗು ಬಂತು. ಹನ್ನೊಂದು ತಿಂಗಳಾದ ಮೇಲೆ ಈ ಮನೆಯಲ್ಲಿ ಮಕ್ಕಳ ಗಲಾಟೆ. ಚಲುವ ಇದ್ದಿದ್ದರೆ... ಇರಲಿ. ನಾನು ಮಾಡಿದ್ದು ಸರಿಯಾಗಿದೆ.

ಮಧ್ಯಾಹ್ನ 2

ಆರೋಗ್ಯಮ್ಮ ಬಂದಳು. ಮಗನ ಕಾರಿನಲ್ಲಿ. ಹಬ್ಬಕ್ಕೆ ಬಂದಿದ್ದಾಳೆ, ಬೀಗಿತ್ತಿ, ಎಲೆ ಹಾಕಿದೆ. ಉಂಡಳು. ಕಜ್ಜಾಯ ಚೆನ್ನಾಗಿದೆ ಎಂದಳು. ಆಮೇಲೆ ಕೈ ಒರೆಸಿಕೊಂಡು ಹೇಳಿದಳು.

"ನೀವು ದೊಡ್ಡ ಮನಸ್ಸು ಮಾಡಿದ್ರಿ ಪುಟ್ಟತಾಯಮ್ಮಾರೇ. ನಮ್ಮೂರಲ್ಲಿ ಇವಳಿಗೆ ನರ್ಸ್ ಕೆಲಸ ಐತೆ, ಒಂದನೇ ತಾರೀಕು ಸೇರ್ಕೋಬೇಕು. ಎರಡು ತಿಂಗಳಿಂದ ಬಡ್ಕೋತಾ ಇವ್ನಿ. ಅವ್ರ ವರ್ಷ ಕಳೆಯೋಗಂಟ ಆ ಮನೆ ಬಿಡಾಕಿಲ್ಲ ಅಂತ ಒಂದೇ ಹಟ. ಇವಳಣ್ಣ ರೂಮಿಗೆ ಬಣ್ಣ ಹೊಡಿಸಿದ್ದಕ್ಕೂ ಬೈದ್ಲು. ಜನವರಿ ಕಳೆಯೋವಷ್ಟ್ರಲ್ಲಿ ಆ ಕೆಲಸ ಬೇರೆಯವ್ರ ಪಾಲು, ಹೋಯ್ತು ಅಂತಲೇ ಇದ್ವಿ. ನೀವೇ ಮುಗಿಸ್ಕೊಟ್ರಿ."

ಎಲೆ ಎತ್ತುವ ನೆಪದಲ್ಲಿ ಎದ್ದೆ. ಅಡಿಗೆಮನೆಯಲ್ಲಿ ಸೊಸೆ ಇದ್ದಳು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಮಗನಿಗೋಸ್ಕರ ಕೆಲಸ ಬುಟ್ಟಿವ್ನಿ ಅಂತ ಹೇಳ್ಕೊಂಡು ತಿರುಗ್ಲಾ? ಅವರ ದಿನ ಮುಂಚೆ ಮಾಡ್ಬೇಡಿ ಅಂದೆ. ಮಾಡಿದ್ರಿ. ಮಗು ತಲೆ ಬೋಳಿಸಿದ್ರಿ. ಇಲ್ಲಿ ನಾನು ಕಾಯ್ತಿದ್ದಿದ್ದು ಅದೊಂದು ದಿನಕ್ಕೆ ಅತ್ತೆ. ಅದನ್ನೂ ನೀವೇ ಹೊಳೆಗೆ ಬುಟ್ರಿ."

"ಮಕ್ಕಳು ಇಲ್ಲೇ ಇರ್ಲಿ."

"ನನ್ನ ಮಕ್ಕಳು."

"ಹೋಗು ಹಾಗಾದ್ರೆ," ಎಂದೆ. ಇನ್ನೇನು ಹೇಳಬೇಕಿತ್ತು. ಕಾಲು ಹಿಡಿಯಬೇಕಿತ್ತೇ.

3 ಗಂಟೆ 40

ಬ್ಯಾಗುಗಳು ಕಾರಿಗೆ ಹೋದವು. ಟ್ರಾಕ್ಟರು ಕಿಶನನ ತೊಡೆಯ ಮೇಲಿದೆ. ಚಿನ್ನು ಹಿಂದಿನ ಸೀಟಿನಲ್ಲಿ ಕೂತು ಅಜ್ಜೀನೂ ಬರಲಿ ಎಂದು ರಾಗ ತೆಗೆದಿದ್ದಾಳೆ. ನಾನು ಹೊರಗೆ ಹೋಗಿಲ್ಲ.

ಮಕ್ಕಳ ಆಧಾರ್ ಕಾರ್ಡು, ಬರ್ತ್ ಸರ್ಟಿಫಿಕೇಟು ಬೇಕಂತೆ, ಹೊಸ ಸ್ಕೂಲಿಗೆ. ಹುಡುಕುತ್ತೇನೆ ಎಂದು ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೇನೆ. ಹುಡುಕುವುದು ಏನೂ ಇಲ್ಲ. ಎಲ್ಲ ಒಂದೇ ಕವರಿನಲ್ಲಿವೆ. ಮಡಿಲಲ್ಲಿದೆ.

ಅರವತ್ತೇಳು ವರ್ಷ. ಯಾರ ಮುಂದೆಯೂ ಸುಳ್ಳು ಹೇಳಿ ನಿಂತವಳಲ್ಲ. ಹಾಲಿಗೆ ಒಂದು ಲೋಟ ನೀರು ಬೆರೆಸಿದವಳಲ್ಲ.

ಚಿನ್ನುದು ಕೊಡುತ್ತೇನೆ. ಕಿಶನನದು ಸಿಗಲಿಲ್ಲ ಎನ್ನುತ್ತೇನೆ. ಹುಡುಕಿಟ್ಟಿರುತ್ತೇನೆ, ಬಂದು ತೆಗೆದುಕೊಂಡು ಹೋಗು. ಅದಿಲ್ಲದೆ ಸ್ಕೂಲಿಗೆ ಸೇರಿಸಿಕೊಳ್ಳುವುದಿಲ್ಲ. ಒಂದು ಸಲ ಬರಲೇಬೇಕಾಗುತ್ತದೆ. ಬರುವಾಗ ಮಕ್ಕಳನ್ನೂ...

"ಸಿಕ್ತಾ ಅತ್ತೆ?" ಬಾಗಿಲ ಹತ್ತಿರವೇ ಇದ್ದಾಳೆ.

ಕಿಶನನದನ್ನು ಹಾಸಿಗೆಯ ಕೆಳಗೆ ತಳ್ಳಿದೆ. ಬಾಗಿಲು ತೆಗೆಯಬೇಕು.